ಬೆಟ್ಟ ಇಳಿದರೆ ಹಣ್ಣಾಗದ ಬೇರಿಕಾಯಿ

ಆಷಾಢ ಮುಗಿಯುವ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನ ತಳ್ಳುಗಾಡಿಗಳಿಗೆ ಊಟಿ ಕಡೆಯ ಬೇರಿಕಾಯಿ ಬರಲು ಶುರುವಾಗುತ್ತದೆ. ಹಸಿರು ಸಿಪ್ಪೆ, ಮೇಲೆಲ್ಲ ಕಂದು ಚುಕ್ಕೆ, ಒಂದರ ಹಾಗೆ ಇನ್ನೊಂದಿರುವುದಿಲ್ಲ. ಕೆಲವು ದುಂಡಗೆ, ಕೆಲವಕ್ಕೆ ಉದ್ದ ಕತ್ತು. ಗೋಣಿಚೀಲದಿಂದ ಸುರಿದು ಗುಡ್ಡೆ ಹಾಕಿರುತ್ತಾರೆ. ದೊಡ್ಡ ಹಣ್ಣಿನಂಗಡಿಗಳಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ, ಇದರದೇ ಜಾತಿಯ ಪೇರ್ ಹಣ್ಣು ಇರುತ್ತದೆ, ಒಂದೊಂದಕ್ಕೂ ಬಿಳಿ ಬಲೆ, ಒಂದೊಂದಕ್ಕೂ ಸ್ಟಿಕ್ಕರ್. ಗಾಡಿಯ ಮುಂದೆ ನಿಂತವರು ಬೇರಿಕಾಯಿಯನ್ನು ಒತ್ತಿ ನೋಡುತ್ತಾರೆ. ಬೆರಳಿಗೆ ಏನೂ ಬಗ್ಗುವುದಿಲ್ಲ. ವಾಪಸ್ ಇಡುತ್ತಾರೆ. ಸ್ಕೂಲು ಬಿಟ್ಟು ಬರುವ ಮಕ್ಕಳಿಗೆ ಹೆಚ್ಚಿ ಉಪ್ಪು-ಖಾರ ಹಾಕಿಸಿ ಕೊಡಿಸುವವರು ಬಿಟ್ಟರೆ, ಮನೆಗೆ ಅಂತ ಎರಡು ಕೆಜಿ ತೂಗಿಸಿಕೊಂಡು ಹೋಗುವವರು ಕಡಿಮೆ.

ತೂಗಿಸಿಕೊಂಡು ಹೋದವರ ಅನುಭವವೂ ಬಹಳ ಮಟ್ಟಿಗೆ ಒಂದೇ. ಎರಡು ದಿನ ಬುಟ್ಟಿಯಲ್ಲಿ ಇಡುತ್ತಾರೆ, ಸಿಪ್ಪೆ ಸ್ವಲ್ಪ ಹಳದಿಗೆ ತಿರುಗುತ್ತದೆ, ಕುಯ್ದರೆ ಒಳಗೆ ಇನ್ನೂ ಗಟ್ಟಿ. ಇನ್ನೂ ನಾಲ್ಕು ದಿನ ಬಿಟ್ಟರೆ ಸಿಪ್ಪೆ ಸುಕ್ಕಾಗುತ್ತದೆ, ಬೀಜದ ಸುತ್ತ ಕಂದು ಬಣ್ಣ ಹಿಡಿಯುತ್ತದೆ, ಮಧ್ಯದ ಭಾಗಕ್ಕೆ ರಸವೇ ಇರುವುದಿಲ್ಲ. ಹಸಿಯಿಂದ ನೇರ ಕೊಳೆತಕ್ಕೆ ಹೋದಂತೆ. ನಡುವೆ ಹಣ್ಣು ಅನ್ನುವ ಒಂದು ದಿನ ಬರಬೇಕಲ್ಲ, ಅದು ಬರುವುದೇ ಇಲ್ಲ. "ಊಟಿ ಬೇರಿಕಾಯಿ ಅಂದ್ರೆ ಅಷ್ಟೇ ಬಿಡಿ, ಗಟ್ಟಿ ಜಾತಿ" ಅಂತ ನಮ್ಮ ಕಡೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಈ ಮಾತು ನನ್ನನ್ನು ತುಂಬ ವರ್ಷದಿಂದ ಕಾಡುತ್ತಿದೆ. ಯಾಕೆಂದರೆ ಅದೇ ಬೇರಿಕಾಯಿ ಅದರ ಊರಿನಲ್ಲೇ ಹಣ್ಣಾದದ್ದನ್ನು ನಾನು ತಿಂದಿದ್ದೇನೆ. ಕಚ್ಚಿದರೆ ಮುಂಗೈ ದಾಟಿ ಮೊಣಕೈವರೆಗೆ ರಸ ಇಳಿಯುವಂಥ ಹಣ್ಣು. ಮರ ಅದೇ, ಕಾಯಿ ಅದೇ. ನೀಲಗಿರಿಗೂ ಮೈಸೂರಿಗೂ ನಡುವೆ ಇರುವುದು ಒಂದು ಕಾಡು, ಒಂದು ಘಾಟಿ. ಅಷ್ಟರಲ್ಲಿ ಇದಕ್ಕೆ ಏನಾಗುತ್ತದೆ?

ಆಲೂಗಡ್ಡೆ ಕೋಣೆ

ನನ್ನ ಕಾಲೇಜಿನ ಗೆಳತಿ ಕೋಟಗಿರಿ ಹತ್ತಿರದ ಒಂದು ಹಟ್ಟಿಯವಳು, ಬಡಗರ ಮನೆಯವಳು. ಅವರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಅನ್ನುವುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಅವಳ ತಾಯಿಯನ್ನು ಮನೆಯಲ್ಲಿ ಎಲ್ಲರೂ ಅವ್ವೆ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಬಡಗದಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಎಲ್ಲೋ ಒಂದೊಂದು ಮಾತು ತಪ್ಪುತ್ತದೆ, ಉಳಿದದ್ದೆಲ್ಲ ಸಲೀಸಾಗಿ ನಡೆಯುತ್ತದೆ.

ಆ ಮನೆಯ ಹಿಂದೆ ಒಂದು ಕೋಣೆ ಇದೆ. ಹಿಂದೆಲ್ಲ ಆಲೂಗಡ್ಡೆ ಜಾಸ್ತಿ ಬೆಳೆಯುತ್ತಿದ್ದ ಕಾಲದಲ್ಲಿ ಬಿತ್ತನೆ ಗಡ್ಡೆ ಇಡಲು ಕಟ್ಟಿಸಿದ್ದು. ಒಂದೇ ಸಣ್ಣ ಕಿಟಕಿ, ಅದಕ್ಕೂ ಹಲಗೆ. ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಒಣಹುಲ್ಲು, ತಣ್ಣನೆಯ ಮಣ್ಣು, ಅದರ ಜೊತೆಗೆ ಸಿಹಿಯಾದ, ಸ್ವಲ್ಪ ಹುಳಿ ಹಿಡಿದಂಥ ಇನ್ನೊಂದು ಪರಿಮಳ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನೆಲದ ತುಂಬ ಹುಲ್ಲು ಹಾಸಿ ಅದರ ಮೇಲೆ ಬೇರಿಕಾಯಿ ಜೋಡಿಸಿತ್ತು. ಗುಡ್ಡೆ ಅಲ್ಲ, ಒಂದೇ ಪದರ. ಒಂದಕ್ಕೊಂದು ತಾಗದ ಹಾಗೆ, ತೊಟ್ಟು ಮೇಲೆ ಮಾಡಿ. ಮೇಲಿಂದ ಹಳೆಯ ಗೋಣಿಚೀಲ ಹೊದಿಸಿದ್ದರು.

ಅವ್ವೆ ಕುಕ್ಕರಗಾಲಲ್ಲಿ ಕೂತು ಚೀಲ ಸರಿಸಿ ಒಂದೊಂದೇ ಕಾಯಿಯನ್ನು ಮುಟ್ಟುತ್ತ ಹೋದರು. ನಾವು ಮಾಡುವ ಹಾಗೆ ಹೊಟ್ಟೆ ಒತ್ತುವುದಿಲ್ಲ ಅವರು. ತೊಟ್ಟಿನ ಬುಡದಲ್ಲಿ, ಕತ್ತಿನ ಹತ್ತಿರ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತುತ್ತಾರೆ. ಅಲ್ಲಿ ಸ್ವಲ್ಪ ಬಗ್ಗಿತು ಅಂದರೆ ಆಯಿತು, ಮಡಿಲಿಗೆ. ಬಗ್ಗದಿದ್ದರೆ ಇದ್ದಲ್ಲೇ ಬಿಡುತ್ತಾರೆ. ಹೊಟ್ಟೆ ಮೆತ್ತಗಾಗುವವರೆಗೆ ಕಾದರೆ ಒಳಗೆ ಆಗಲೇ ಕೆಟ್ಟಿರುತ್ತದೆ ಅಂತ ಹೇಳಿದರು. ನಾನೂ ಮುಟ್ಟಿ ನೋಡಿದೆ. ಬಣ್ಣ ನೋಡಿದರೆ ಎಲ್ಲವೂ ಒಂದೇ, ತಿಳಿ ಹಳದಿ. ಕತ್ತು ಮುಟ್ಟಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

"ಎಷ್ಟು ದಿನ ಅಡೆ ಹಾಕ್ತೀರ ಅವ್ವೆ?" ಅಂತ ಕೇಳಿದೆ. ಎರಡು ವಾರವಾದರೂ ಬೇಕು, ಮಂಜು ಜಾಸ್ತಿ ಇದ್ದರೆ ಮೂರು ಅಂದರು. ಆಮೇಲೆ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಒಲೆ ಇರುವ ಕೋಣೆಯಲ್ಲಿ ಇಟ್ಟರೆ ಇದು ಹಣ್ಣಾಗುವುದಿಲ್ಲ, ಬರೀ ಹಳದಿ ಆಗುತ್ತದೆ ಅಂದರು. ಬಾಳೆಗೊನೆಗೆ ಹೊಗೆ ಹಾಕಿ, ಮಾವಿಗೆ ಸೆಖೆ ಕೊಟ್ಟು ಹಣ್ಣು ಮಾಡುವುದನ್ನು ನೋಡುತ್ತ ಬೆಳೆದವಳು ನಾನು. ಬೆಚ್ಚಗಿದ್ದರೆ ಬೇಗ ಹಣ್ಣಾಗುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ವಿಷಯ. ಇಲ್ಲಿ ಅದು ಪೂರ್ತಿ ಉಲ್ಟಾ.

ಅವತ್ತು ಸಂಜೆ ಜಗುಲಿಯಲ್ಲಿ ಕೂತು ಮಡಿಲು ತುಂಬ ತಂದದ್ದನ್ನು ತಿಂದೆವು. ಸಿಪ್ಪೆ ಸ್ವಲ್ಪ ಒಗರು, ತೆಗೆದು ತಿನ್ನುವುದೇ ಒಳ್ಳೆಯದು. ಒಳಗಿನ ತಿರುಳು ಬಿಳಿ ಅಲ್ಲ, ಸ್ವಲ್ಪ ಬೆಣ್ಣೆಯ ಬಣ್ಣ. ನಾಲಿಗೆ ಮೇಲೆ ಕರಗಿದ ಮೇಲೂ ಒಂದಿಷ್ಟು ಸಣ್ಣ ಹರಳು ಉಳಿಯುತ್ತದೆ. ಆ ಹರಳು ಇಲ್ಲದ ಬೇರಿಯನ್ನು ಆಮೇಲೆ ತಿಂದಾಗೆಲ್ಲ ಏನೋ ಕಡಿಮೆ ಅನ್ನಿಸಿದೆ ನನಗೆ.

ಅವ್ವೆಯ ಮಾತಿನ ಹಿಂದೆ

ಮನೆಗೆ ಬಂದ ಮೇಲೆ ಓದಿಕೊಂಡೆ. ಅವ್ವೆ ಹೇಳಿದ್ದು ಅಕ್ಷರಶಃ ಸರಿ.

ಬೇರಿ ಒಂದು ವಿಚಿತ್ರ ಹಣ್ಣು. ಸೇಬು ಮರದಲ್ಲೇ ಹಣ್ಣಾಗುತ್ತದೆ. ಯುರೋಪಿನ ಜಾತಿಯ ಬೇರಿಯನ್ನು ಮರದಲ್ಲೇ ಹಣ್ಣಾಗಲು ಬಿಟ್ಟರೆ ಕೆಡುತ್ತದೆ. ಅದು ಒಳಗಿನಿಂದ ಹೊರಕ್ಕೆ ಹಣ್ಣಾಗುವ ಜಾತಿ. ಹೊರಗಿನ ತಿರುಳು ಮೆತ್ತಗಾಗುವ ಹೊತ್ತಿಗೆ ಬೀಜದ ಸುತ್ತಲಿನದು ಕಂದು ಬಣ್ಣಕ್ಕೆ ತಿರುಗಿ ಹಿಟ್ಟಾಗಿರುತ್ತದೆ. ಅದಕ್ಕೇ ಬಲಿತ ಮೇಲೆ ಹಸಿರಿರುವಾಗಲೇ ಕಿತ್ತು, ಬೇರೆ ಕಡೆ ಇಟ್ಟು ಹಣ್ಣು ಮಾಡಬೇಕು. ಕಿತ್ತ ಮೇಲೆ ಕಾಯಿಯೇ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಬಾಳೆ, ಮಾವು ಹಣ್ಣಾಗುವುದೂ ಇದರಿಂದಲೇ. ಆ ಅನಿಲ ಜೋರಾದಾಗ ಕಾಯಿಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗುತ್ತದೆ, ತಿರುಳು ಸಡಿಲವಾಗಿ ರಸ ಬಿಡುತ್ತದೆ.

ಆದರೆ ಈ ಕೆಲಸ ನಡೆಯಲು ತಂಪು ಬೇಕು. ಸೆಖೆ ಒಂದು ಮಿತಿ ದಾಟಿದರೆ ಎಥಿಲೀನ್ ತಯಾರಾಗುವುದಕ್ಕೇ ಅಡ್ಡಿ. ಸಿಪ್ಪೆಯ ಹಸಿರು ಹೋಗಿ ಹಳದಿ ಬರುತ್ತದೆ, ತಿರುಳು ಮಾತ್ರ ಹಾಗೇ ನಿಂತುಬಿಡುತ್ತದೆ. ನೀಲಗಿರಿಯಲ್ಲಿ ಹಿಂದಿನಿಂದ ಬೆಳೆದು ಬಂದಿರುವ ಕೀಫರ್ ತಳಿಗಂತೂ ಈ ವಿಷಯದಲ್ಲಿ ಹಟ ಜಾಸ್ತಿ. 15ರಿಂದ 18 ಡಿಗ್ರಿ ಒಳಗೆ ಎರಡು-ಮೂರು ವಾರ ಇಟ್ಟರೆ ಚೆನ್ನಾಗಿ ಹಣ್ಣಾಗುತ್ತದೆ ಅಂತ ಈ ತಳಿಯ ಬಗ್ಗೆ ತೋಟಗಾರಿಕೆಯವರು ಹೇಳುತ್ತ ಬಂದಿದ್ದಾರೆ. ಮಳೆಗಾಲದ ಕೋಟಗಿರಿಯಲ್ಲಿ ಹಲಗೆ ಮುಚ್ಚಿದ ಒಂದು ಕೋಣೆ ಎಷ್ಟು ತಂಪಿರುತ್ತದೋ ಹೆಚ್ಚುಕಮ್ಮಿ ಅಷ್ಟು. ಮೈಸೂರಿನಲ್ಲಿ ಶ್ರಾವಣದ ಮಧ್ಯಾಹ್ನ 27, 28 ಡಿಗ್ರಿ. ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಅದಕ್ಕಿಂತ ಜಾಸ್ತಿಯೇ ಇರಬಹುದು. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ಡಿಗ್ರಿ, ಅದು ಅತಿ ತಂಪು, ಹಣ್ಣಾಗುವ ಕೆಲಸ ನಿಧಾನವಾಗಿ ನಿಂತೇ ಹೋಗುತ್ತದೆ. ಅಂದರೆ ನಮ್ಮ ಮನೆಗಳಲ್ಲಿ ಈ ಹಣ್ಣಿಗೆ ಬೇಕಾದ ಜಾಗವೇ ಇಲ್ಲ.

ಕಲ್ಲಿನಷ್ಟು ಗಟ್ಟಿ ಇದೆ, ಎಲ್ಲಿಗೆ ಬೇಕಾದರೂ ಕಳಿಸಬಹುದು ಅಂತ ನೋಡಿದವರಿಗೆ ಅನ್ನಿಸುತ್ತದೆ. ನಿಜ, ಕಾಯಿಯಾಗಿ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಹಣ್ಣಾಗುವ ಗುಣವನ್ನು ಮಾತ್ರ ಬೆಟ್ಟದಲ್ಲೇ ಬಿಟ್ಟು ಬರುತ್ತದೆ.

ಹಲ್ಲಿಗೆ ಸಿಗುವ ಹರಳಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಇದನ್ನು ದೋಷ ಅಂದುಕೊಂಡಿದ್ದಾರೆ. ಇವು ಕಲ್ಲುಕೋಶಗಳು. ಗೋಡೆ ದಪ್ಪವಾಗಿ, ಲಿಗ್ನಿನ್ ತುಂಬಿಕೊಂಡು ಗಟ್ಟಿಯಾದ ಜೀವಕೋಶಗಳ ಸಣ್ಣ ಸಣ್ಣ ಗುಂಪು. ಸೀಬೆ, ಸಪೋಟದಲ್ಲೂ ಇವೆ, ಜೀವಶಾಸ್ತ್ರದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಬೇರಿಯಲ್ಲಿ ಬೀಜದ ಸುತ್ತ ಜಾಸ್ತಿ. ಹಣ್ಣಾದ ಮೇಲೂ ಅವು ಕರಗುವುದಿಲ್ಲ. ಸುತ್ತಲಿನ ತಿರುಳು ಮೆತ್ತಗಾದಾಗ ಅವು ಹಿಂದಕ್ಕೆ ಸರಿಯುತ್ತವೆ. ತಿರುಳು ಗಟ್ಟಿ ಇರುವಾಗ ತಿಂದರೆ ಬರೀ ಅದೇ ಹಲ್ಲಿಗೆ ಸಿಗುತ್ತದೆ. ನಾವು ಮೈಸೂರಿನಲ್ಲಿ ತಿನ್ನುತ್ತಿರುವುದು ಅರ್ಧದಲ್ಲಿ ನಿಂತ ಹಣ್ಣು, ದೂರುತ್ತಿರುವುದು ಜಾತಿಯನ್ನು.

ಫಿಲಡೆಲ್ಫಿಯಾದಿಂದ ಹಟ್ಟಿಗೆ

ಜಾನ್ ಸಲಿವನ್ ಕೊಯಮತ್ತೂರಿನ ಕಲೆಕ್ಟರಾಗಿದ್ದಾಗ 1819ರಲ್ಲಿ ಬೆಟ್ಟ ಹತ್ತಿದ. ಮೊದಲು ನೆಲೆ ನಿಂತದ್ದು ಕೋಟಗಿರಿಯಲ್ಲಿ, ಆಮೇಲೆ ಊಟಿ. ಅಲ್ಲಿಂದ ಶುರುವಾಗಿ ಇಂಗ್ಲಿಷರು ತಮ್ಮ ಊರಿನ ತರಕಾರಿ, ಹಣ್ಣು, ಹೂವನ್ನೆಲ್ಲ ಈ ಬೆಟ್ಟದಲ್ಲಿ ಹಾಕಿ ನೋಡಿದರು. 1848ರಲ್ಲಿ ಊಟಿಯ ಸಸ್ಯೋದ್ಯಾನ ಬಂತು, 1874ರಲ್ಲಿ ಕೂನೂರಿನ ಸಿಮ್ಸ್ ಪಾರ್ಕ್. ಪಾರ್ಕಿನ ಹತ್ತಿರ ಹಣ್ಣಿನ ಗಿಡಗಳಿಗೇ ಅಂತ ಸರ್ಕಾರದ ಒಂದು ಕೇಂದ್ರ ಇವತ್ತಿಗೂ ಇದೆ. ಇದಿಷ್ಟು ಪ್ರವಾಸಕ್ಕೆ ಹೋದವರಿಗೆಲ್ಲ ಗೊತ್ತಿರುವ ಕಥೆ.

ನನಗೆ ಇಷ್ಟವಾದದ್ದು ಕೀಫರಿನ ಕಥೆ. ಅಮೆರಿಕದ ಫಿಲಡೆಲ್ಫಿಯಾ ಪಕ್ಕದಲ್ಲಿ ಪೀಟರ್ ಕೀಫರ್ ಅಂತ ಒಬ್ಬ ನರ್ಸರಿಯವನು ಇದ್ದ, ಫ್ರಾನ್ಸಿನ ಅಲ್ಸಾಸ್ ಕಡೆಯಿಂದ ವಲಸೆ ಬಂದವನು. ಅವನ ತೋಟದಲ್ಲಿ ಚೀನಾ ಮೂಲದ ಮರಳು ಬೇರಿಯ ಮರ ಇತ್ತು, ಹತ್ತಿರದಲ್ಲೇ ಇಂಗ್ಲೆಂಡಿನ ವಿಲಿಯಮ್ಸ್ ಜಾತಿಯ ಮರವೂ ಇತ್ತು. ಎರಡೂ ತಾವಾಗಿಯೇ ಬೆರೆತು ಒಂದು ಸಸಿ ಹುಟ್ಟಿತು. 1863ರಲ್ಲಿ ಮೊದಲ ಫಲ ಬಿಟ್ಟಿತು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ಪ್ರದರ್ಶನದ ಹೊತ್ತಿಗೆ ಅವನ ಹೆಸರನ್ನೇ ಹೊತ್ತುಕೊಂಡು ಹೊರಟಿತು. ಸಿಹಿ, ರಸ ಯುರೋಪಿನ ಕಡೆಯಿಂದ ಬಂತು. ಗಟ್ಟಿತನ, ಹರಳು, ರೋಗ ತಡೆಯುವ ಶಕ್ತಿ ಏಷ್ಯಾದ ಕಡೆಯಿಂದ. ಡಬ್ಬಿಗೆ ಹಾಕುವವರಿಗೆ ಇದು ಬಹಳ ಹಿಡಿಸಿತು, ಬೇಯಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ.

ನೀಲಗಿರಿಗೆ ಇದು ಹೊಂದಿಕೊಂಡದ್ದಕ್ಕೆ ಬೇರೆ ಕಾರಣ ಇದೆ. ಸೇಬು, ಬೇರಿಯಂಥ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತವೆ. ಇಂತಿಷ್ಟು ಗಂಟೆ ಚಳಿ ಸಿಕ್ಕಿದ ಮೇಲೆಯೇ ಎಚ್ಚರಾಗಿ ಹೂ ಬಿಡುವುದು. ಕಾಶ್ಮೀರದ ಚಳಿ ದಕ್ಷಿಣದ ಬೆಟ್ಟದಲ್ಲಿ ಇಲ್ಲ. ಏಷ್ಯಾದ ರಕ್ತ ಇರುವುದರಿಂದ ಕೀಫರಿಗೆ ಕಡಿಮೆ ಚಳಿ ಸಾಕು. ಸುಮಾರು 1,800 ಮೀಟರ್ ಎತ್ತರದ ಕೋಟಗಿರಿ, ಕೂನೂರಿನ ಚಳಿಯಲ್ಲೇ ಅದಕ್ಕೆ ನಿದ್ದೆ ಆಗುತ್ತದೆ. ಅಲ್ಲಿನ ಮುಂಗಾರೂ ಇದಕ್ಕೆ ಅನುಕೂಲ. ಬೆಟ್ಟದ ಪಶ್ಚಿಮಕ್ಕಿರುವ ಗುಡಲೂರು ಕಡೆ ಜೂನ್-ಜುಲೈಯಲ್ಲಿ ಹೊಡೆಯುವಂಥ ಮಳೆ ಕೋಟಗಿರಿ, ಕೂನೂರು ಇರುವ ಪೂರ್ವದ ಇಳಿಜಾರಿಗೆ ಬರುವುದಿಲ್ಲ. ಅಲ್ಲಿ ಜೋರು ಮಳೆ ಹಿಂಗಾರಿಗೆ. ಕಾಯಿ ಬಲಿಯುವ ತಿಂಗಳುಗಳಲ್ಲಿ ತುಂತುರು, ಮಂಜು, ಮಧ್ಯೆ ಸ್ವಲ್ಪ ಬಿಸಿಲು.

ಇನ್ನೊಂದು ಸಂಗತಿ. ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಪ್ರತಿ ವರ್ಷ ಹಣ್ಣಿನ ಪ್ರದರ್ಶನ ನಡೆಯುವುದು ಮೇ ತಿಂಗಳಲ್ಲಿ, ಪ್ರವಾಸಿಗರು ತುಂಬಿರುವಾಗ. ಬೇರಿ ಆಗ ಮರದಲ್ಲಿ ಇನ್ನೂ ಎಳೆ ಕಾಯಿ. ನಮ್ಮ ಕಡೆಯವರು ರಜಾ ಮುಗಿಸಿ ಬಂಡೀಪುರ ದಾಟಿ ಮನೆ ಸೇರಿ, ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಬೇರಿಯ ಕಾಲ ಬರುತ್ತದೆ. ಊಟಿಗೆ ಹತ್ತಾರು ಸಲ ಹೋದವರೂ ಅಲ್ಲಿ ಹಣ್ಣಾದ ಬೇರಿ ತಿಂದಿರುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ ಇಲ್ಲದ ಮರ

ಬೇರಿ ತೋಟ ಅಂದಾಗ ಸಾಲು ಸಾಲಾಗಿ ನಿಂತ ಮರ ಕಣ್ಣಿಗೆ ಬರುತ್ತದೆ ಅಲ್ವಾ? ಅವ್ವೆಯ ಹಟ್ಟಿಯಲ್ಲಿ ಹಾಗಿಲ್ಲ. ಟೀ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿರುತ್ತವೆ. ಮನೆ ಹಿಂದೆ ಒಂದು, ದಾರಿ ತಿರುವಿನಲ್ಲಿ ಒಂದು, ಕೊಟ್ಟಿಗೆಯ ಗೋಡೆಗೆ ಒರಗಿ ಒಂದು. ಕಾಂಡದ ಮೇಲೆ ಪಾಚಿ, ಕೊಂಬೆಯಲ್ಲಿ ಬಿಳಿ ಕಲ್ಲುಹೂವು. ಮಾವ ಹಾಕಿದ್ದು, ಮಾವನ ಅಪ್ಪ ಹಾಕಿದ್ದು ಅಂತ ಅವ್ವೆ ಒಂದೊಂದನ್ನೂ ತೋರಿಸುತ್ತಾರೆ. ಬೇರಿ ಬಹಳ ಕಾಲ ಬದುಕುವ ಮರ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1630ರಿಂದ 1650ರ ನಡುವೆ ನೆಟ್ಟದ್ದು ಅನ್ನಲಾದ ಒಂದು ಬೇರಿ ಮರ ಇನ್ನೂ ಕಾಯಿ ಬಿಡುತ್ತಿದೆ.

ನಾನು ಅಲ್ಲಿದ್ದಾಗ ಒಮ್ಮೆ ಕೀಳುವ ಕೆಲಸ ನಡೆಯುತ್ತಿತ್ತು. ಅವರು ಮರವನ್ನು ಗುತ್ತಿಗೆಗೆ ಕೊಟ್ಟಿದ್ದರು. ಕಾಯಿ ಇನ್ನೂ ಸಣ್ಣದಿರುವಾಗಲೇ ವ್ಯಾಪಾರಿ ಬಂದು ಮರ ನೋಡಿ, ಇಷ್ಟು ಅಂತ ಮಾತಾಡಿ ಮುಂಗಡ ಕೊಟ್ಟು ಹೋಗಿದ್ದ. ಬೆಳಿಗ್ಗೆ ಜೀಪಿನಲ್ಲಿ ಆಳುಗಳು ಬಂದರು. ಇಬ್ಬರು ಮರ ಹತ್ತಿ ಕೊಂಬೆ ಅಲ್ಲಾಡಿಸಿದರು, ಕೆಳಗಿದ್ದವರು ದೋಟಿಯಲ್ಲಿ ಹೊಡೆದರು. ಬಲಿತದ್ದು, ಬಲಿಯದ್ದು, ಎಲ್ಲ ಒಂದೇ ಸಲ ಟೀ ಗಿಡಗಳ ಮೇಲೆ ಬಿತ್ತು. ಆರಿಸಿ ಚೀಲಕ್ಕೆ ತುಂಬಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಹೊರಟುಹೋದರು.

ಅವರು ಹೋದ ಮೇಲೆ ಗೆಳತಿಯ ತಮ್ಮ, ಗುತ್ತಿಗೆಗೆ ಕೊಡದೆ ಉಳಿಸಿಕೊಂಡಿದ್ದ ಮನೆ ಹಿಂದಿನ ಮರದ ಹತ್ತಿರ ನನ್ನನ್ನು ಕರೆದುಕೊಂಡು ಹೋದ. ಒಂದು ಕಾಯಿಯನ್ನು ಅಂಗೈಯಲ್ಲಿ ಹಿಡಿದು ಎಳೆಯಲಿಲ್ಲ, ತಿರುಚಲಿಲ್ಲ, ಸುಮ್ನೆ ಮೇಲಕ್ಕೆ ಎತ್ತಿದ. ನೇತಾಡುತ್ತಿದ್ದದ್ದು ಅಡ್ಡ ಆಗುವಷ್ಟು. ಟಕ್ ಅಂತ ತೊಟ್ಟಿನ ಗಂಟಿನ ಹತ್ತಿರ ಬಿಟ್ಟುಕೊಂಡಿತು. ಪಕ್ಕದ್ದನ್ನು ಹಾಗೇ ಎತ್ತಿದ, ಬಿಡಲಿಲ್ಲ. "ಇದು ಇನ್ನೊಂದು ವಾರ ಆಗ್ಬೇಕು ಅಕ್ಕ" ಅಂದ. ಒಂದೇ ಗೊಂಚಲಿನ ಎರಡು ಕಾಯಿ. ಹಾಗೆ ನೋಡಿ ನೋಡಿ ಕಿತ್ತರೆ ಒಂದು ಮರಕ್ಕೆ ಮೂರು ನಾಲ್ಕು ಸಲ ಹತ್ತಬೇಕು.

"ಗುತ್ತಿಗೆಯವರು ಯಾಕೆ ಹೀಗೆ ಕೀಳಲ್ಲ?" ಅಂತ ಕೇಳಿದೆ.

"ಕೂಲಿ ಯಾರು ಕೊಡ್ತಾರೆ ಅಕ್ಕ? ಅಲ್ದೆ ಬಿಟ್ರೆ ಕರಡಿ ಬರುತ್ತೆ."

ಕರಡಿಯ ವಿಷಯ ಬರೀ ಮಾತಲ್ಲ. ಕೋಟಗಿರಿ, ಕೂನೂರು ಕಡೆಯ ಹಟ್ಟಿಗಳ ಸುತ್ತ ಕರಡಿ, ಕಾಟಿ ಓಡಾಡುವುದು ಈಗ ಮಾಮೂಲು. ಬೇರಿ ಬಲಿತ ವಾಸನೆಗೆ ಕರಡಿ ರಾತ್ರಿ ಮರ ಹತ್ತುತ್ತದೆ, ತಿನ್ನುವುದಕ್ಕಿಂತ ಕೊಂಬೆ ಮುರಿಯುವುದು ಜಾಸ್ತಿ. ಬೆಳಿಗ್ಗೆ ಕತ್ತಲಲ್ಲಿ ಟೀ ಎಲೆ ಕೀಳಲು ಹೊರಡುವ ಹೆಂಗಸರಿಗೆ ಆ ಮರದ ಹತ್ತಿರ ಹೋಗಲು ಭಯ. ಹಾಗಾಗಿ ಕೆಲವರು ಮರವನ್ನೇ ಕಡಿಸಿಬಿಟ್ಟಿದ್ದಾರೆ. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮನೆ ಬಾಗಿಲಿಗೆ ಕರಡಿ ಬರುವುದನ್ನು ಕಂಡವರು ಅವರು.

ಚೀಲಗಳು ಎಲ್ಲಿಗೆ ಹೋದವು ಅಂತ ಕೇಳಿದೆ. ಮೆಟ್ಟುಪಾಳ್ಯಂ ಮಂಡಿಗೆ. ಅಲ್ಲಿಗೆ ಕೋಟಗಿರಿಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಘಾಟಿ ಇಳಿಯಲು ಒಂದೂವರೆ ಗಂಟೆ. ಅಷ್ಟರಲ್ಲಿ ಕಾಯಿ ಮಂಜಿನಿಂದ ನೇರ ಬಯಲಿನ ಸೆಖೆಗೆ ಬೀಳುತ್ತದೆ. ಮಂಡಿಯಲ್ಲಿ ಹರಾಜಾಗಿ, ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ. ಮೈಸೂರಿನ ಗಾಡಿಗೆ ಬರುವ ಹೊತ್ತಿಗೆ ಅದರ ಬದುಕು ಬಹಳ ಮಟ್ಟಿಗೆ ಮುಗಿದಿರುತ್ತದೆ. ಬಲಿಯದೆ ಕಿತ್ತದ್ದು ಒಂದು ಪಾಲು. ಬಿದ್ದು ಪೆಟ್ಟಾದದ್ದು ಒಂದು ಪಾಲು. ಉಳಿದ ಒಳ್ಳೆಯದಕ್ಕೆ ಬಿಸಿಲು.

ಆದರೆ ಇದಕ್ಕೆಲ್ಲ ಮೂಲ ಬೇರೆ ಕಡೆ ಇದೆ ಅಂತ ನನಗೆ ಅನ್ನಿಸುತ್ತದೆ. ಈ ಮರದಿಂದ ಇಷ್ಟು ಬರಬೇಕು ಅಂತ ಆ ಹಟ್ಟಿಯಲ್ಲಿ ಯಾರೂ ಕಾದು ಕೂತಿಲ್ಲ. ಅಲ್ಲಿನ ಬದುಕು ನಡೆಯುವುದು ಟೀ ಎಲೆಯ ಮೇಲೆ. ಎರಡು ವಾರಕ್ಕೊಮ್ಮೆ ಎಲೆ ಕಿತ್ತು ಫ್ಯಾಕ್ಟರಿಗೆ ಹಾಕಿದರೆ ಮನೆಗೆ ದುಡ್ಡು. 1990ರ ದಶಕದ ಕೊನೆಗೆ ಹಸಿ ಎಲೆಯ ಬೆಲೆ ಬಿದ್ದದ್ದನ್ನು ಅವ್ವೆ ಇವತ್ತಿಗೂ ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾರೆ. ಆಮೇಲೆ ಕ್ಯಾರೆಟ್, ಬೀನ್ಸ್, ಬೆಳ್ಳುಳ್ಳಿ. ಬೇರಿಗೆ ಗೊಬ್ಬರ ಇಲ್ಲ, ನೀರಿಲ್ಲ, ಸವರುವುದೂ ಇಲ್ಲ. ವರ್ಷಕ್ಕೊಮ್ಮೆ ಗುತ್ತಿಗೆಯವನು ಕೊಡುವ ದುಡ್ಡು ಹಬ್ಬದ ಖರ್ಚಿಗೆ ಆಯಿತು ಅಷ್ಟೇ.

ಹಾಗಾಗಿಯೇ ಈ ಮರಗಳು ಇಷ್ಟು ಕಾಲ ಉಳಿದವು. ಬೆಲೆ ಬಿದ್ದಾಗ ಟೀ ಕಿತ್ತು ತರಕಾರಿ ಹಾಕಿದರು, ತರಕಾರಿ ಕೈಕೊಟ್ಟಾಗ ಮತ್ತೆ ಟೀ ಹಾಕಿದರು, ಬೇರಿಯ ತಂಟೆಗೆ ಯಾರೂ ಹೋಗಲಿಲ್ಲ. ಆದರೆ ಅದೇ ಕಾರಣಕ್ಕೆ ಒಂದು ಮರ ಬಿದ್ದರೆ ಇನ್ನೊಂದು ಹಾಕುವವರೂ ಇಲ್ಲ. ಹಿಂದೆ ಮಾಗಿ ಚಳಿಯಲ್ಲಿ, ಎಲೆ ಉದುರಿ ಮರ ಮಲಗಿರುವಾಗ, ನಾಟಿ ಬೇರಿಯ ಬುಡಕ್ಕೆ ಒಳ್ಳೆಯ ಮರದ ಕಡ್ಡಿ ತಂದು ಕಸಿ ಕಟ್ಟುತ್ತಿದ್ದರಂತೆ. ಗೆಳತಿಯ ತಂದೆಗೆ ಆ ಕೈ ಇತ್ತು. ಅವರು ಹೋದ ಮೇಲೆ ಆ ಹಟ್ಟಿಯಲ್ಲಿ ಹೊಸ ಬೇರಿ ಗಿಡ ಹಾಕಿದ್ದನ್ನು ನಾನು ಕಂಡಿಲ್ಲ. ಬಿದ್ದ ಮರದ ಜಾಗದಲ್ಲಿ ಟೀ ಬರುತ್ತದೆ. ಇಲ್ಲ, ಜಾಗವನ್ನೇ ಮಾರಿ ಕಾಟೇಜ್ ಬರುತ್ತದೆ.

"ಅಕ್ಕ, ಈ ಮರಕ್ಕೆ ಲೆಕ್ಕ ಬರೆದವರು ಯಾರು?" ಅಂತ ಗೆಳತಿಯ ತಮ್ಮ ಒಮ್ಮೆ ಕೇಳಿದ. ಉತ್ತರ ಬೇಕು ಅಂತ ಕೇಳಿದ್ದಲ್ಲ. ಆದರೂ ನಾನು ಮೈಸೂರಿಗೆ ಬರುವ ದಾರಿಯುದ್ದಕ್ಕೂ, ಗುಂಡ್ಲುಪೇಟೆ ದಾಟಿದ ಮೇಲೂ, ಅದನ್ನೇ ಯೋಚನೆ ಮಾಡುತ್ತಿದ್ದೆ.

ಹಣ್ಣು ಮಾಡಿ ಕಳಿಸಿದರೆ?

ಯೋಚನೆ ಮಾಡಿದರೆ ಕೊರತೆ ಇರುವುದು ಎರಡೇ. ನೋಡಿ ಕೀಳುವ ಕೈ, ಹಣ್ಣಾಗುವವರೆಗೆ ಇಡಲು ತಂಪಾದ ಕೋಣೆ. ಎರಡೂ ಬೆಟ್ಟದಲ್ಲೇ ಇವೆ. ದೊಡ್ಡ ಶೀತಲ ಗೃಹ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಹಟ್ಟಿಯಲ್ಲಿ ಎಷ್ಟು ಮನೆಗಳಲ್ಲಿ ಹಳೆಯ ಆಲೂಗಡ್ಡೆ ಕೋಣೆ ಖಾಲಿ ಬಿದ್ದಿಲ್ಲ? ಅಲ್ಲೇ ಎರಡು ವಾರ ಇಟ್ಟು, ಕತ್ತು ಇನ್ನೇನು ಬಗ್ಗಬೇಕು ಅನ್ನುವಾಗ ಕಳಿಸಿದರೆ ಕೊನೆಯ ಒಂದೆರಡು ದಿನದ ಕೆಲಸ ಮೈಸೂರಿನಲ್ಲೂ ಆಗುತ್ತದೆ. ಹಣ್ಣಾಗುವುದು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಶುರುವಾಗುವುದಕ್ಕೇ ಬೆಟ್ಟ ಬೇಕು.

ಫೋನಿನಲ್ಲಿ ಗೆಳತಿಯ ತಮ್ಮನಿಗೆ ಇದನ್ನೇ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ಪ್ರಶ್ನೆ ಕೇಳಲು ಶುರು ಮಾಡಿದ. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು? ಒಂದೇ ಪದರ ಇಟ್ಟರೆ ಒಂದು ಪೆಟ್ಟಿಗೆಗೆ ಎಷ್ಟು ಹಿಡಿಯುತ್ತದೆ? ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ, ಬೆಳಗಿನ ಬಸ್ಸಿಗೆ ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಸಿಗುತ್ತದಲ್ಲ, ಪರವಾಗಿಲ್ಲವಾ? ಒಂದು ದಿನದ ಬಿಸಿಲಿಗೆ ಏನೂ ಆಗಲಾರದು, ಇಳಿಸಿದ ತಕ್ಷಣ ಮನೆಗೆ ತರುತ್ತೇನೆ ಅಂದೆ. ಅವ್ವೆ ಹಿಂದಿನಿಂದ ಏನೋ ಹೇಳುತ್ತಿದ್ದರು. ಮಳೆಯಲ್ಲಿ ನೆನೆದ ಕಾಯಿ ಅಡೆ ಹಾಕಬೇಡಿ, ಒಣಗಿದ ಮೇಲೆ ಕೀಳಿ ಅಂತ. ಅದನ್ನೂ ಬರೆದುಕೊಂಡೆ.

ಈ ಸಲ ದಾರಿ ತಿರುವಿನ ಮರವನ್ನು ಗುತ್ತಿಗೆಗೆ ಕೊಟ್ಟಿಲ್ಲ ಅಂತ ಅವನು ಹೇಳಿದ್ದಾನೆ. ಕರಡಿಗೆ ಏನು ಮಾಡ್ತೀಯ ಅಂದರೆ, ಬೇಗ ಬೇಗ ನಾಲ್ಕು ಸಲ ಹತ್ತುತ್ತೇನೆ, ಬಲಿತದ್ದು ಒಂದೂ ರಾತ್ರಿ ಮರದಲ್ಲಿ ಇರದ ಹಾಗೆ ನೋಡಿಕೊಳ್ಳುತ್ತೇನೆ ಅಂದ. ನಡೆಯುತ್ತದೋ ಇಲ್ಲವೋ ನೋಡಬೇಕು. ಕೂಲಿ, ಪೆಟ್ಟಿಗೆ, ಬಸ್ಸಿನ ಲಗೇಜು ಎಲ್ಲ ಸೇರಿಸಿದರೆ ಗಾಡಿಯ ಬೇರಿಕಾಯಿಗಿಂತ ಜಾಸ್ತಿಯೇ ಆಗುತ್ತದೆ, ಫೋಮಿನ ಬಲೆ ಹಾಕಿದ ಪೇರಿಗಿಂತ ಕಡಿಮೆ.

ನಮ್ಮ ಬೀದಿಯಲ್ಲಿ ಕೇಳಿ ನೋಡಿದೆ. ಕೆಲವರು ಆಗಲಿ ಅಂದರು. ಜಾಸ್ತಿ ಜನ "ಬೇರಿಕಾಯಿಗೆ ಇಷ್ಟಾ?" ಅಂದರು. ಅವರಿಗೆ ಗೊತ್ತಿರುವುದು ಗಾಡಿಯ ಬೇರಿಕಾಯಿ, ಅದಕ್ಕೆ ಅಷ್ಟು ಕೊಡಿ ಅಂತ ನಾನೂ ಹೇಳಲಾರೆ. ಎಥಿಲೀನ್, 15 ಡಿಗ್ರಿ ಅಂತ ವಿವರಿಸಲು ಹೋದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಮೊದಲ ಪೆಟ್ಟಿಗೆಯನ್ನು ದುಡ್ಡಿಗೆ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಅದರ ದುಡ್ಡು ನನ್ನದು. ಬಂದ ಮೇಲೆ ಕತ್ತು ಒತ್ತಿ ನೋಡಿ, ಆಗಿದ್ದನ್ನು ಸಿಪ್ಪೆ ತೆಗೆದು ಕುಯ್ದು, ಬೇಡ ಅಂದವರ ಮನೆಗೇ ಮೊದಲು ತಟ್ಟೆಯಲ್ಲಿ ತೆಗೆದುಕೊಂಡು ಹೋಗುತ್ತೇನೆ.